ಇಳಿಸಿರೋ ಹಳೇ ಬೆಂಜ್‌ನಲ್ಲಿ ಟಯರ್ ಉಜ್ತಿದ್ಯಾ? ಮಡ್‌ಗಾರ್ಡ್ ಬಡಿಯೋಕ್ಕೆ ಮುಂಚೆ ಇಷ್ಟು ನೋಡಿ

ನಮ್ದು 1996ರ ಬೆಂಜ್, ಕಂಪನಿ ಕೋಡಲ್ಲಿ ಡಬ್ಲ್ಯು 124, ಇ 220 ಪೆಟ್ರೋಲು, ಪುಣೇಲಿ ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಜೊತೆ ಸೇರಿ ಜೋಡಿಸ್ತಿದ್ರಲ್ಲ ಆ ಕಾಲದ್ದು. ನಾನು ತಗೊಳ್ಳೋ ಹೊತ್ಗೆ ಹಿಂದಿನ ಓನರ್ ಅದರ ಎತ್ತರ ಕಮ್ಮಿ ಮಾಡಿ ನೆಲಕ್ಕಿಳಿಸಿ 17 ಇಂಚಿನ ಅಲಾಯ್ ವೀಲು ಹಾಕ್ಸಿ ಇಟ್ಟಿದ್ರು, ನಿಂತಿದ್ರೆ ನೋಡ್ತಾನೇ ಇರೋಣ ಅನ್ಸೋದು. ಒಬ್ನೇ ಓಡಿಸ್ಕೊಂಡು ಮನೆಗೆ ತಂದೆ, ಒಂದ್ ಸದ್ದಿಲ್ಲ. ಆಮೇಲಿನ ಭಾನುವಾರ ಅಮ್ಮ, ಅಕ್ಕ, ಭಾವ ಮೂರೂ ಜನನ್ನ ಹಿಂದೆ ಕೂರಿಸ್ಕೊಂಡು ಕನಕಪುರ ರೋಡಲ್ಲಿ ಹೊರಟೆ, ರೋಡು ಸ್ವಲ್ಪ ತಗ್ಗಿಗಿಳಿದು ಮೇಲೇಳೋ ಜಾಗದಲ್ಲೆಲ್ಲ ಹಿಂದಿನ ಎಡಗಡೆಯಿಂದ "ಸರ್ರ್ರ್" ಅಂತ ಶುರುವಾಯ್ತು. ಎರಡ್ಮೂರು ಸಲ ಆದ್ಮೇಲೆ ಭಾವ ಕೇಳಿದ್ರು, "ಏನೋ ಇದು, ರಬ್ಬರ್ ಸುಟ್ಟ ವಾಸ್ನೆ ಬರ್ತಿದೆಯಲ್ಲೋ?" ಪಕ್ಕದಲ್ಲಿ ಲಾರಿ ಹೋಗ್ತಿದೆ ಭಾವ ಅಂದು ತಪ್ಪಿಸ್ಕೊಂಡೆ.

ಮಾರನೇ ದಿನ ಸೀದಾ ಟಿಂಕರಿಂಗ್ ಅಂಗಡಿಗೆ ಹೋಗಿ ಹಿಂದಿನ ಎರಡೂ ಮಡ್‌ಗಾರ್ಡಿನ ಒಳಗಿನ ಅಂಚು ಮಡಚಿಸ್ದೆ. ಅಲ್ಲೇ ನಾನು ಮಾಡಿದ್ ತಪ್ಪು. ಹೀಟ್ ಗನ್ ಸರಿಯಾಗಿ ಹಿಡೀದೆ ಮಡಚಿದ್ರು, ಪೇಂಟು ಕೂದಲೆಳೆ ಥರ ಬಿರುಕು ಬಿಡ್ತು, ಆ ಬಿರುಕಲ್ಲಿ ಒಂದು ಮಳೆಗಾಲ ನೀರು ನಿಂತ್ರೆ ಹಳೇ ಗಾಡಿಗೆ ಏನಾಗತ್ತೆ ಅಂತ ಹೇಳ್ಬೇಕಾಗಿಲ್ಲ. ಇಷ್ಟೆಲ್ಲ ಆದ್ಮೇಲೂ ಸದ್ದು ಹೋಗ್ಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಕಥೆ. ಬಲಗಡೆ ಉಜ್ಜೇ ಇರ್ಲಿಲ್ಲ, ಅದನ್ನೂ ಬಡಿಸಿ ಹಾಳು ಮಾಡಿದ್ದೆ.

ಅದಕ್ಕೇ ಇದನ್ನ ಬರೀತಿರೋದು. ಟಯರ್ ಎಲ್ಲಿ ಉಜ್ತಿದೆ, ಯಾವ ಭಾರದಲ್ಲಿ, ಸ್ಟೇರಿಂಗ್ ಎಷ್ಟು ತಿರುಗಿಸಿದಾಗ ಉಜ್ತಿದೆ, ಈ ಮೂರು ಗೊತ್ತಾಗೋ ತನಕ ಕಬ್ಬಿಣಕ್ಕೆ ಕೈ ಹಾಕ್ಬೇಡಿ, ಹೊಸ ವೀಲಿಗೆ ದುಡ್ಡೂ ಕೊಡ್ಬೇಡಿ. ಕೆಳಗಿರೋ ಅಳತೆಗಳು ಡಬ್ಲ್ಯು 124ದು, ಪದ್ಮಿನಿ ಇರ್ಲಿ ಕಾಂಟೆಸ್ಸಾ ಇರ್ಲಿ ಅಳೆಯೋ ರೀತಿ ಅದೇ, ನಂಬರ್ ಮಾತ್ರ ನಿಮ್ಮ ಗಾಡೀದು ಹಾಕ್ಕೊಳ್ಳಿ.

ಮೊದ್ಲು ಗಾಡಿ ಕಂಪನಿಯಿಂದ ಹೇಗೆ ಬಂದಿತ್ತು ಅನ್ನೋದು

ಈ ಗಾಡಿಗೆ ಬರ್ತಿದ್ದ ಮಾಮೂಲಿ ವೀಲು 6.5 ಜೆ ಅಗಲ (ಜೆ ಹಿಂದಿನ ನಂಬರ್ ಇಂಚಲ್ಲಿ), 15 ಇಂಚು, ಆಫ್‌ಸೆಟ್ ಅಂದ್ರೆ ಇಟಿ 48ರ ಆಸುಪಾಸು (ವೀಲು ಬೋಲ್ಟಾಗೋ ಹಬ್‌ಗೆ ತಾಗೋ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಎಂಎಂ ಹೊರಗಿದೆ ಅನ್ನೋದು), ಟಯರು 195/65 ಆರ್ 15, ಅಂದ್ರೆ ಅಗಲ 195 ಎಂಎಂ, ಗೋಡೆ ಎತ್ತರ ಅದರ ಶೇಕಡ 65, ರಿಮ್ 15 ಇಂಚು. ಬೋಲ್ಟ್ ಐದು, ಪಿಸಿಡಿ (ಬೋಲ್ಟ್ ತೂತುಗಳು ಕೂರೋ ವೃತ್ತದ ವ್ಯಾಸ) 112 ಎಂಎಂ, ಮಧ್ಯದ ತೂತು 66.6 ಎಂಎಂ, ಬೋಲ್ಟು ಎಂ12 (12 ಎಂಎಂ ದಪ್ಪ) 1.5 ಥ್ರೆಡ್ಡು, ಅದರ ತಲೆ ಕೆಳಗೆ ಗುಂಡಗೆ ಅರ್ಧ ಗೋಲಿ ಥರ ಇರತ್ತೆ. ಈ ಗುಂಡಗಿನ ವಿಷ್ಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ನಮ್ಮ ಗಾಡೀಲಿದ್ದಿದ್ದು 7.5 ಜೆ 17 ಇಂಚು ಇಟಿ 37, ಮುಂದೆ ಬಂದ ಸಿ ಕ್ಲಾಸ್ ಡಬ್ಲ್ಯು 203ರ ವೀಲು, ಟಯರು 225/45 ಆರ್ 17. ಎತ್ತರದಲ್ಲಿ ತಕರಾರಿಲ್ಲ, ಹಳೇದರ ವ್ಯಾಸ 634.5 ಎಂಎಂ, ಇದರದ್ದು 634.3, ಸ್ಪೀಡೋ ಮೀಟರಿಗೂ ಗೊತ್ತಾಗಲ್ಲ. ಆಟ ಇರೋದು ಅಗಲದಲ್ಲಿ. ಲೆಕ್ಕ ಸುಲಭ, ರಿಮ್ ಅಗಲವನ್ನ ಎಂಎಂಗೆ ತಂದು ಅರ್ಧ ಮಾಡಿ ಅದರಿಂದ ಇಟಿ ಕಳೆದ್ರೆ ಹಬ್‌ನಿಂದ ಹೊರಗಡೆ ಎಷ್ಟು ಬರತ್ತೆ ಅನ್ನೋದು ಸಿಗತ್ತೆ, ಕೂಡಿದ್ರೆ ಒಳಗಡೆ ಎಷ್ಟು ಹೋಗತ್ತೆ ಅನ್ನೋದು. 6.5 ಜೆ ಅಂದ್ರೆ 165.1, ಅರ್ಧ 82.55, ಅದರಲ್ಲಿ 48 ಹೋದ್ರೆ ಸುಮಾರು 34.5. 7.5 ಜೆ ಅಂದ್ರೆ 190.5, ಅರ್ಧ 95.25, 37 ಹೋದ್ರೆ 58.25. ಅಂದ್ರೆ ಹೊಸ ರಿಮ್ಮಿನ ಅಂಚು ಹೊರಗಡೆಗೆ ಹತ್ತತ್ರ 24 ಎಂಎಂ ಬಂದಿದೆ, ಒಳಗಡೆ ಬರೀ 2 ಎಂಎಂ ಹೋಗಿದೆ. ಈ ಎರಡು ಸಾಲು ಲೆಕ್ಕ ಮೊದಲೇ ಮಾಡಿದ್ರೆ ಒಳಗಡೆ ಏನೂ ತಾಗಲ್ಲ, ಏನಿದ್ರೂ ಹೊರಗಡೆ ಅಂತ ಮನೇಲೇ ಕೂತು ಗೊತ್ತಾಗ್ತಿತ್ತು.

ವೀಲ್ ಮೇಲೆ ಇಟಿ ಬರೆದಿಲ್ಲ ಅಂದ್ರೆ? ವೀಲ್ ಮುಖ ಕೆಳಗೆ ಮಾಡಿ ನೆಲಕ್ಕೆ ಒಂದು ಗೋಣಿಚೀಲ ಹಾಸಿ ಮಲಗ್ಸಿ, ಹಿಂದಿನ ಅಂಚಿನ ಮೇಲೆ ನೇರವಾದ ಕಬ್ಬಿಣದ ಪಟ್ಟಿ ಅಡ್ಡ ಇಡಿ, ಅಲ್ಲಿಂದ ಹಬ್ಬಿಗೆ ಕೂರೋ ಮುಖದ ತನಕ ಎಷ್ಟು ಆಳ ಇದೆ ಅಳೀರಿ. ಆಮೇಲೆ ಅಂಚಿಂದ ಅಂಚಿಗೆ ಹೊರಗಿನ ಪೂರ್ತಿ ಅಗಲ ಅಳೆದು ಅರ್ಧ ಮಾಡಿ ಆಳದಿಂದ ಕಳೀರಿ. ನಮ್ಮದು ಪೂರ್ತಿ ಅಗಲ 216, ಅರ್ಧ 108, ಆಳ 145, ಇಟಿ 37. ಇಲ್ಲಿ ಜಾಸ್ತಿ ಜನ ಎಡವೋದು 7.5 ಜೆ ಅಂತ ಬರೆದಿರೋದನ್ನೇ ಪೂರ್ತಿ ಅಗಲ ಅಂದ್ಕೊಂಡು. ಜೆ ಅಳತೆ ಟಯರ್ ಕೂರೋ ಜಾಗದ್ದು, ಅಂಚಿನ ದಪ್ಪ ಸೇರ್ಸಿದ್ರೆ ಇನ್ನೊಂದು ಇಂಚು ಜಾಸ್ತಿ ಬರತ್ತೆ.

ಪಿಸಿಡಿ ಅಳೆಯೋವಾಗ ಟೇಪ್ ಹಿಡೀಬೇಡಿ. ಐದು ತೂತಿನ ವೀಲಲ್ಲಿ ಅಕ್ಕಪಕ್ಕದ ಎರಡು ತೂತಿನ ಮಧ್ಯದಿಂದ ಮಧ್ಯಕ್ಕೆ 112ರಲ್ಲಿ 65.8 ಎಂಎಂ ಬರತ್ತೆ, ಬೇರೆ ಗಾಡಿಗಳಲ್ಲಿರೋ 114.3ರಲ್ಲಿ 67.2. ವ್ಯತ್ಯಾಸ ಒಂದೂವರೆ ಎಂಎಂ ಕೂಡ ಇಲ್ಲ, ವರ್ನಿಯರ್ ಇಲ್ದೆ ಯಾರಿಗೂ ಕಾಣ್ಸಲ್ಲ, ಆದ್ರಿಂದ್ಲೇ "ಆಗತ್ತೆ ಬಿಡಿ ಸಾರ್, ಬೋಲ್ಟು ಎಳ್ಕೊಳ್ಳತ್ತೆ" ಅಂತ ಕೂರಿಸಿ ಕಳಿಸ್ತಾರೆ. ಎಳ್ಕೊಳ್ಳತ್ತೆ ನಿಜ, ಬೋಲ್ಟು ವಾರೆಯಾಗಿ. ಬೇಡ ಅಂದ್ರೆ ಬೇಡ.

ಸದ್ದು ಬರೋ ಜಾಗ ಹಿಡಿಯೋದು

ಕಿವಿ ನಂಬ್ಬೇಡಿ. ಹಿಂದಿನ ಎಡಗಡೆ ಅಂತ ಕೇಳ್ಸಿದ್ದು ಎಷ್ಟೋ ಸಲ ಮುಂದಿಂದಿರತ್ತೆ. ನಾನು ಮಾಡಿದ್ದು ಹೀಗೆ, ಮೂರು ಬಣ್ಣದ ಸೀಮೆಸುಣ್ಣ ತಗೊಂಡು ನಾಲ್ಕೂ ಟಯರಿಗೆ ಹೊರಗಿನ ಗೋಡೆಗೆ ಬಿಳಿ, ಭುಜಕ್ಕೆ (ಗೋಡೆ ಮುಗಿದು ನೆಲ ಮುಟ್ಟೋ ಪಟ್ಟಿ ಶುರುವಾಗೋ ಮೂಲೆ) ಹಳದಿ, ಒಳಗಿನ ಗೋಡೆಗೆ ಕೆಂಪು ದಪ್ಪಗೆ ಬಳಿದೆ. ಗಾಡಿ ಓಡಿಸಿ ಬಂದು ಯಾವ ಬಣ್ಣ ಅಳಿಸಿದೆ ನೋಡಿದ್ರೆ ಟಯರಿನ ಯಾವ ಭಾಗ ತಾಗ್ತಿದೆ ಅಂತ ಗೊತ್ತಾಗತ್ತೆ, ಅದೇ ಬಣ್ಣ ಗಾಡಿ ಕಡೆ ಎಲ್ಲಿ ಅಂಟಿದೆ ಅಂತ ಟಾರ್ಚ್ ಹಾಕಿ ಹುಡುಕಿದ್ರೆ ಇನ್ನರ್ಧ ಉತ್ತರ.

ಆದ್ರೆ ಖಾಲಿ ಗಾಡಿ ಓಡಿಸಿ ಪ್ರಯೋಜನ ಇಲ್ಲ. ನಮ್ಮ ಬೀದಿ ಕೊನೇ ದಿನಸಿ ಅಂಗಡಿಯಿಂದ 25 ಕೆಜಿ ಅಕ್ಕಿ ಮೂಟೆ ಆರು ಎರವಲು ತಂದು ಹಿಂದಿನ ಸೀಟಲ್ಲಿ ಮಲಗಿಸ್ದೆ, ಡಿಕ್ಕೀಲಿ ಹಳೇ 15 ಇಂಚಿನ ವೀಲು ಎರಡು. ಅಂಗಡಿಯವ್ರು "ಮದುವೇನಾ ಸಾರ್ ಮನೇಲಿ?" ಅಂದ್ರು. ಆಮೇಲೆ ಇನ್ನೊಂದು ಕೆಲ್ಸ, ಮಡ್‌ಗಾರ್ಡ್ ಅಂಚಿನ ಒಳಗಡೆ ಮೂರು ಕಡೆ ಚಪಾತಿ ಹಿಟ್ಟಿನ ಉಂಡೆ ಅಂಟಿಸ್ದೆ, ಗಡಿಯಾರದಲ್ಲಿ ಹತ್ತು, ಹನ್ನೆರಡು, ಎರಡು ಗಂಟೆ ಇರೋ ಜಾಗಕ್ಕೆ. ಹಿಟ್ಟು ಗಟ್ಟಿಯಾಗಿ ಕಲಸ್ಬೇಕು, ಟಯರ್ ಕಡೆ ಮುಖಕ್ಕೆ ಒಂದು ತೊಟ್ಟು ಎಣ್ಣೆ ಸವರಿದ್ರೆ ಟಯರಿಗೆ ಕಿತ್ಕೊಂಡು ಹೋಗಲ್ಲ. ತಗ್ಗು ದಿಣ್ಣೆ ಎರಡು ಸುತ್ತು ಹೊಡೆದು ಬಂದು ಒತ್ತಿ ಚಪ್ಪಟೆಯಾಗಿರೋ ಹಿಟ್ಟಿನ ದಪ್ಪ ಅಳೆದ್ರೆ ಅದೇ ನಿಮ್ಮ ಕ್ಲಿಯರೆನ್ಸು. ಬಲಗಡೆ ಹನ್ನೆರಡು ಗಂಟೆ ಉಂಡೇಲಿ 7 ಎಂಎಂ ಹಿಟ್ಟು ಉಳಿದಿತ್ತು. ಎಡಗಡೆ ಹಿಟ್ಟೇ ಇಲ್ಲ, ಬರೀ ಕಪ್ಪು ಗೆರೆ, ಅಂಚಿನ ಕಬ್ಬಿಣ ಹೊಳೀತಿತ್ತು. ಭುಜದ ಹಳದಿ ಪೂರ್ತಿ ಅಳಿಸಿಹೋಗಿತ್ತು, ಒಳಗಿನ ಕೆಂಪು ಬಳಿದ ಹಾಗೇ ಇತ್ತು.

ಗುರುತು ಸಿಕ್ಕಿರೋ ಜಾಗಾನೇ ಅರ್ಧ ಕಾರಣ ಹೇಳತ್ತೆ. ಹಿಂದಿನ ವೀಲಲ್ಲಿ ಹನ್ನೆರಡು ಗಂಟೆಗೆ ತಾಗಿದ್ರೆ ಎತ್ತರ ಅಥವಾ ಅಗಲದ ವಿಷ್ಯ. ಬಂಪರ್ ಕಡೆಗೋ ಬಾಗಿಲ ಕಡೆಗೋ ವಾಲಿ ತಾಗಿದ್ರೆ ವೀಲು ಕೂತಿರೋ ಜಾಗಾನೇ ಸರಿದಿದೆ, ಲಿಂಕಿನ ಬುಷ್ (ವೀಲು ಹಿಡಿದಿರೋ ಕೋಲುಗಳ ತುದಿಯ ರಬ್ಬರು) ಅಥವಾ ಸಬ್‌ಫ್ರೇಮ್ (ಆ ಕೋಲುಗಳೆಲ್ಲ ಕೂತಿರೋ ಚೌಕಟ್ಟು) ನೋಡಿ. ಮುಂದಿನ ವೀಲು ಪೂರ್ತಿ ತಿರುಗಿಸಿ ರಿವರ್ಸ್ ತಗೊಳ್ಳೋವಾಗ ಮಾತ್ರ ಉಜ್ಜಿದ್ರೆ ಮೊದ್ಲು ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರಿನ ಕ್ಲಿಪ್ ಬಿದ್ಹೋಗಿದೆಯಾ ನೋಡಿ, ಹತ್ರಲ್ಲಿ ಐದು ಸಲ ಅದೇ ಇರತ್ತೆ, ಆಮೇಲೆ ಕೆಳಗಿನ ಆರ್ಮ್ (ವೀಲು ಹಿಡಿದಿರೋ ತೋಳು) ಬುಷ್. ತಿರುಗಿಸಿದಾಗ ಒಳಗಡೆ ಕೆಂಪು ಅಳಿಸಿದ್ರೆ ವೀಲು ಒಳಗೆ ಜಾಸ್ತಿ ಹೋಗಿದೆ, ಇಟಿ ದೊಡ್ಡದಾಯ್ತು.

ಎಡಗಡೆ ಮಾತ್ರ ಯಾಕೆ?

ವೀಲು ಎರಡೂ ಕಡೆ ಒಂದೇ, ಟಯರ್ ಒಂದೇ, ಉಜ್ಜೋದು ಒಂದೇ ಕಡೆ ಅಂದ್ರೆ ತಪ್ಪು ವೀಲಿಂದಲ್ಲ, ಗಾಡೀದು. ಇದು ನನ್ನ ತಲೆಗೆ ಹೊಳೆಯೋಕೆ ಒಂದು ತಿಂಗಳು ಬೇಕಾಯ್ತು, ಅಷ್ಟೊತ್ಗೆ ಟಿಂಕರಿಂಗ್ ಬಿಲ್ ಕಟ್ಟಾಗಿತ್ತು.

ಎತ್ತರ ಅಳೀರಿ, ಆದ್ರೆ ನೆಲದಿಂದ ಅಲ್ಲ. ನೆಲ ಸಮ ಇರಲ್ಲ, ಟಯರ್ ಗಾಳಿ ಹೆಚ್ಚುಕಮ್ಮಿ ಇರತ್ತೆ. ಹಬ್ ಮಧ್ಯದಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿಗೆ ಅಳೀಬೇಕು. ಹಿಂದೆ ಬಲಗಡೆ 334, ಎಡಗಡೆ 321. ಹದಿಮೂರು ಎಂಎಂ ವಾಲಿಕೊಂಡು ನಾನು ಊರೆಲ್ಲ ಸುತ್ತಿದ್ದೆ.

ಸ್ಪ್ರಿಂಗ್ ಬಿಚ್ಚಿಸಿದ್ಮೇಲೆ ಗೊತ್ತಾಯ್ತು. ಯಾರೋ ಪುಣ್ಯಾತ್ಮರು ಕಂಪನಿ ಸ್ಪ್ರಿಂಗನ್ನೇ ಗ್ರೈಂಡರಲ್ಲಿ ಕುಯ್ದಿದ್ರು, ಅದೂ ಒಂದ್ ಕಡೆ ಮುಕ್ಕಾಲು ಸುತ್ತು, ಇನ್ನೊಂದ್ ಕಡೆ ಅದಕ್ಕಿಂತ ಜಾಸ್ತಿ. ಸ್ಪ್ರಿಂಗ್ ಕುಯ್ದ್ರೆ ಏನಾಗತ್ತೆ ಅಂದ್ರೆ ಸುತ್ತು ಕಮ್ಮಿ ಆದಷ್ಟೂ ಅದು ಗಡುಸಾಗತ್ತೆ, ಕುಯ್ದ ತುದಿ ಅದರ ಸೀಟಿನ ಆಕಾರಕ್ಕೆ ಕೂರಲ್ಲ, ಜಾಕ್ ಎತ್ತಿ ವೀಲು ನೇತಾಡಿದ್ರೆ ಸ್ಪ್ರಿಂಗ್ ಸಡಿಲ ಆಗಿ ತಿರುಗಿ ಬೇರೆ ಕಡೆ ಕೂತ್ಕೊಳ್ಳತ್ತೆ. ಪಂಚರ್ ಹಾಕ್ಸಿ ಬಂದಾಗೆಲ್ಲ ಗಾಡಿ ಎತ್ತರ ಬೇರೆ ಥರ ಅನ್ಸಿದ್ರೆ ಇದೇ ಅಂತ ತಿಳ್ಕೊಳ್ಳಿ.

ಡಬ್ಲ್ಯು 124ರಲ್ಲಿ ಇನ್ನೊಂದು ಚಂದದ ವಿಷ್ಯ ಇದೆ, ಗೊತ್ತಿಲ್ದೇ ಇರೋರೇ ಜಾಸ್ತಿ. ಸ್ಪ್ರಿಂಗ್ ಮೇಲೆ ಕೂರೋ ರಬ್ಬರ್ ಪ್ಯಾಡು ಬೇರೆ ಬೇರೆ ದಪ್ಪದಲ್ಲಿ ಬರತ್ತೆ. ಪ್ಯಾಡಿನ ಅಂಚಲ್ಲಿ ಚಿಕ್ಕ ಚಿಕ್ಕ ಮೊಡವೆ ಥರ ಗುಬ್ಬಿಗಳಿರತ್ವೆ, ಒಂದು ಗುಬ್ಬಿ ಅಂದ್ರೆ 8 ಎಂಎಂ, ಎರಡು 13, ಮೂರು 18, ನಾಲ್ಕು 23. ಕೈ ಒಳಗೆ ಬಿಟ್ಟು ಬೆರಳಲ್ಲೇ ಎಣಿಸ್ಬೋದು. ಸ್ಪ್ರಿಂಗ್ ಇರೋದು ಆರ್ಮಿನ ಮಧ್ಯದಲ್ಲಿ, ವೀಲು ಆರ್ಮಿನ ತುದೀಲಿ, ಹಾಗಾಗಿ ಪ್ಯಾಡಲ್ಲಿ 5 ಎಂಎಂ ಬದ್ಲಾದ್ರೆ ವೀಲಿನ ಹತ್ರ ಅದಕ್ಕಿಂತ ಜಾಸ್ತಿ ಬದ್ಲಾಗತ್ತೆ. ಕಂಪನೀನೇ ಎಡಕ್ಕೊಂದು ಬಲಕ್ಕೊಂದು ಬೇರೆ ದಪ್ಪ ಹಾಕಿರೋದೂ ಉಂಟು, ಎರಡು ಕಡೆ ಬೇರೆ ಇದೆ ಅಂತ ಗಾಬರಿ ಬೀಳ್ಬೇಡಿ, ಎತ್ತರ ಸಮ ಬಂದಿದೆಯಾ ಅಷ್ಟೇ ನೋಡಿ. ನಮ್ಮದ್ರಲ್ಲಿ ಎರಡೂ ಕಡೆ ಒಂದೇ ಗುಬ್ಬಿ ಇತ್ತು, ಎಡಗಡೇದು ಬಿರುಕು ಬಿಟ್ಟು ಹಪ್ಪಳ ಆಗಿತ್ತು.

ಈ ಸ್ಪ್ರಿಂಗ್ ಬಿಚ್ಚೋ ಕೆಲ್ಸ ಮನೇಲಿ ಮಾಡ್ಬೇಡಿ. ಮುಂದಿನ ಸ್ಪ್ರಿಂಗಿಗೆ ಒಳಗಿಂದ ಅಮುಕೋ ಬೇರೆ ಟೂಲೇ ಬೇಕು, ಹೊರಗಿಂದ ಎರಡು ಕೊಕ್ಕೆ ಹಾಕೋ ಸಾಮಾನು ಜಾರಿದ್ರೆ ಕೈ ಉಳಿಯಲ್ಲ. ಟೂಲ್ ಇದೆಯಾ ಅಂತ ಕೇಳಿ ತೋರ್ಸಿ ಅಂದು ನೋಡಿ ಆಮೇಲೆ ಗಾಡಿ ಬಿಡಿ.

ಎತ್ತರ ಒಂದೇ ಅಲ್ಲ. ಮಡ್‌ಗಾರ್ಡ್ ಅಂಚಿಗೆ ಮೇಸ್ತ್ರಿಗಳ ತೂಗುಗುಂಡು ಇಳಿಬಿಟ್ಟು ದಾರಕ್ಕೂ ಟಯರಿಗೂ ಎಷ್ಟು ಸಂದಿ ಅಂತ ಅಳೆದೆ, ಹಳೇ 15 ಇಂಚಿನ ವೀಲು ಹಾಕ್ಕೊಂಡು. ಬಲಗಡೆ 27, ಎಡಗಡೆ 21. ಅಂದ್ರೆ ಹಿಂದಿನ ಸಬ್‌ಫ್ರೇಮೇ ಎಡಕ್ಕೆ ಸರಿದಿತ್ತು. ಅದು ನಾಲ್ಕು ರಬ್ಬರ್ ಮೌಂಟ್ ಮೇಲೆ ಕೂತಿರತ್ತೆ, ಇಷ್ಟು ವರ್ಷದ ರಬ್ಬರ್ ಒಂದ್ ಕಡೆ ಕುಸಿದ್ರೆ ಇಡೀ ಆಕ್ಸಲ್ಲೇ ವಾಲತ್ತೆ. 225/45 ಟಯರಿನ ಗೋಡೆ 7.5 ಜೆ ಮೇಲೆ ಹಬ್‌ನಿಂದ ಹೊರಗೆ 75 ಎಂಎಂ ಚಿಲ್ಲರೆ ಬರತ್ತೆ, ಹಳೇ 195ದು ಸುಮಾರು 55, ವ್ಯತ್ಯಾಸ 20. ಈಗ 27ರಲ್ಲಿ 20 ಕಳೀರಿ, 7. ಹಿಟ್ಟಿನ ಉಂಡೇಲಿ ಸಿಕ್ಕಿದ್ದೂ ಅದೇ! 21ರಲ್ಲಿ 20 ಕಳೆದ್ರೆ ಒಂದು. ಆ ಒಂದು ಎಂಎಂನಲ್ಲಿ ತಿರುವಲ್ಲಿ ಟಯರ್ ಬಾಗ್ಬೇಕು, ಭಾವ ಕೂರ್ಬೇಕು, ಗಾಡಿ ತಗ್ಗಿಗಿಳೀಬೇಕು. ಉಜ್ದೆ ಇನ್ನೇನಾಗತ್ತೆ.

ಹಂಗಾದ್ರೆ ಸಣ್ಣ ಟಯರ್ ಹಾಕಿದ್ರೆ ಮುಗೀತಲ್ಲ?

ಎಲ್ರೂ ಇದನ್ನೇ ಹೇಳ್ತಾರೆ, 225 ತೆಗೆದು 205 ಹಾಕಿ, 20 ಎಂಎಂ ಉಳೀತು ಅಂತ. ಉಳಿಯಲ್ಲ. ಟಯರ್ ಮೇಲೆ ಬರೆದಿರೋ ಅಗಲ ಒಂದು ನಿಗದಿ ರಿಮ್ ಮೇಲೆ ಅಳೆದಿರೋದು, ರಿಮ್ ಅರ್ಧ ಇಂಚು ಅಗಲ ಆದ್ರೆ ಟಯರೂ ಸುಮಾರು 5 ಎಂಎಂ ಹಿಗ್ಗತ್ತೆ. 205/50 ಆರ್ 17 ಟಯರಿನ ನಿಜವಾದ ಅಗಲ 6.5 ಜೆ ಮೇಲೆ 214, ಅದನ್ನ 7.5 ಜೆ ಮೇಲೆ ಎಳೆದು ಕೂರಿಸಿದ್ರೆ 224. ಎಲ್ಲಿ ಉಳೀತು? ಭುಜ ಸ್ವಲ್ಪ ಒಳಗೆ ಹೋಗತ್ತೆ ಅಷ್ಟೇ, ಗೋಡೆ ಅಲ್ಲೇ ಇರತ್ತೆ. ಅದೂ ಅಲ್ದೆ ಬೇರೆ ಬೇರೆ ಕಂಪನಿ 225 ಪಕ್ಕಪಕ್ಕ ಇಟ್ರೆ ಭುಜದ ಆಕಾರಾನೇ ಬೇರೆ, ಒಂದು ಚೌಕ, ಒಂದು ಗುಂಡಗೆ. ಅಂಚಿಗೆ ತಾಗೋದು ಭುಜ ಆದ್ರೆ ಗುಂಡಗಿರೋದೇ ಒಳ್ಳೇದು.

ಲೋಡ್ ಇಂಡೆಕ್ಸ್ ಮರೀಬೇಡಿ. ಹಳೇ 195/65 ಆರ್ 15ರಲ್ಲಿ 91 ಅಂತಿರತ್ತೆ, ಒಂದು ಟಯರಿಗೆ 615 ಕೆಜಿ. 215/45 ಆರ್ 17ರಲ್ಲಿ 87 ಅಂತಿದ್ರೆ 545 ಕೆಜಿ. ಗಾಡೀನೇ ಹದಿನಾಲ್ಕು ಕ್ವಿಂಟಾಲ್ ಹತ್ತತ್ರ, ಮೇಲೆ ಐದು ಜನ, ಮೇಲೆ ನಮ್ಮ ಗುಂಡಿಗಳು. 91ಕ್ಕಿಂತ ಕೆಳಗಿಳೀಬೇಡಿ. ರಿಮ್ ಮೇಲೆ ಚರ್ಮ ಬಿಗಿದ ತಮಟೆ ಥರ ಟಯರ್ ಹಿಗ್ಗಿಸಿ ಕೂರಿಸೋರ ಬಗ್ಗೆ ನಾನೇನೂ ಹೇಳಲ್ಲ, ಅವರ ಗಾಡಿ ಅವರಿಷ್ಟ, ಆದ್ರೆ ಗುಂಡೀಲಿ ಬಿದ್ದಾಗ ಅಂಚು ಬಿಟ್ಕೊಂಡ್ರೆ ಪಕ್ಕದಲ್ಲಿ ಸ್ಕೂಟರಲ್ಲಿ ಹೋಗ್ತಿರೋರದ್ದೂ ಪ್ರಾಣಾನೇ.

ಸ್ಪೀಡು 80 ದಾಟಿದ್ರೆ ನಡುಕ

ಇದು ಬೇರೆ ಕಾಯಿಲೆ. ವೀಲ್ ಬದಲಾಯಿಸಿದ ದಿನದಿಂದ ಶುರುವಾಗಿದ್ರೆ, ಎರಡು ಸಲ ಬ್ಯಾಲೆನ್ಸ್ ಮಾಡ್ಸಿದ್ರೂ ಹೋಗ್ಲಿಲ್ಲ ಅಂದ್ರೆ ಬ್ಯಾಲೆನ್ಸ್ ಬಿಟ್ಟು ವೀಲು ಹಬ್ಬಿಗೆ ಹೇಗೆ ಕೂತಿದೆ ಅಂತ ನೋಡಿ.

ಮಧ್ಯದ ತೂತು 66.6 ಇರ್ಬೇಕು. ಹೊರಗಿನ ಕಂಪನಿ ಅಲಾಯ್ ಜಾಸ್ತಿ 73.1 ತೂತಲ್ಲಿ ಬರತ್ತೆ, ಮಧ್ಯೆ ಉಂಗುರ ಹಾಕ್ಬೇಕು, ಆ ಉಂಗುರ ಪಂಚರ್ ಅಂಗಡೀಲಿ ಬಿದ್ದು ಕಳೆದ್ಹೋಗತ್ತೆ, ಯಾರಿಗೂ ಗೊತ್ತಾಗಲ್ಲ. ಸ್ಕೋಡಾ ಲೌರಾ, ಕೆಲವು ಫೋಕ್ಸ್‌ವ್ಯಾಗನ್ ವೀಲುಗಳೂ 112 ಪಿಸಿಡಿನೇ, ಗುಜರೀಲಿ ಕಮ್ಮಿ ರೇಟಿಗೆ ಸಿಗತ್ವೆ ಅಂತ ಜನ ತರ್ತಾರೆ, ಆದ್ರೆ ಅವುಗಳ ತೂತು 57.1, ಬೆಂಜ್ ಹಬ್ಬಿಗೆ ಹತ್ತೋದೇ ಇಲ್ಲ. ಲೇತಲ್ಲಿ ಕೊರೆಸ್ಬೋದು, ನಡುಮಧ್ಯಕ್ಕೆ ಹಿಡಿದು ಕೊರೆಯೋ ಕೈ ಸಿಕ್ಕಿದ್ರೆ. ಕೊರೆಸಿದ್ಮೇಲೂ ಮುಗೀಲಿಲ್ಲ, ಆ ವೀಲುಗಳ ತೂತು ಎಂ14 ಬೋಲ್ಟಿಗೆ ಮಾಡಿದ್ದು, ಗುಂಡಗಿನ ಸೀಟೂ ಬೇರೆ ಅಳತೆ. ನಮ್ಮ ಎಂ12 ಬೋಲ್ಟಿನ ಗುಂಡು 12 ಎಂಎಂ ತ್ರಿಜ್ಯ, ಅವರ ಸೀಟು 13. ಬಿಗಿ ಮಾಡಿದಾಗ ಗಟ್ಟಿ ಅನ್ಸತ್ತೆ, ತಾಗಿರೋದು ಒಂದು ಸಣ್ಣ ಗೆರೆ ಅಷ್ಟೇ, ನೂರು ಕಿಲೋಮೀಟರ್ ಓಡಿದ್ರೆ ಸಡಿಲ. ಹೊರಗಿನ ಕಂಪನಿ ಅಲಾಯಲ್ಲಿ ಸೀಟು ಗುಂಡಗಿರಲ್ಲ, ಆಲಿಕೆ ಥರ ಇಳಿಜಾರು ಇರತ್ತೆ, ಅದಕ್ಕೆ ಕಂಪನಿ ಬೋಲ್ಟ್ ಹಾಕಿದ್ರೂ ಇದೇ ಗತಿ.

ಪರೀಕ್ಷೆ ಸುಲಭ. ಬೋಲ್ಟಿನ ಗುಂಡಿಗೆ ಮಾರ್ಕರ್ ಇಂಕು ಬಳೀರಿ, ಕೈಯಲ್ಲಿ ವೀಲಿನ ತೂತಿಗೆ ಇಟ್ಟು ಒತ್ತಿ ತಿರುಗಿಸಿ ತೆಗೀರಿ. ಇಂಕು ಅಗಲವಾದ ಪಟ್ಟಿಯಾಗಿ ಅಳಿಸಿದ್ರೆ ಸರಿ, ಕೂದಲಿನಷ್ಟು ಗೆರೆ ಮಾತ್ರ ಬಂದ್ರೆ ಆ ಬೋಲ್ಟು ಆ ವೀಲಿಗಲ್ಲ.

ಉದ್ದಾನೂ ನೋಡ್ಬೇಕು. ಸ್ಪೇಸರ್ (ವೀಲಿಗೂ ಹಬ್ಬಿಗೂ ಮಧ್ಯೆ ಹಾಕೋ ಬಿಲ್ಲೆ) 12 ಎಂಎಂ ಹಾಕಿದ್ರೆ ಬೋಲ್ಟೂ 12 ಎಂಎಂ ಉದ್ದ ಬೇಕು, ಹಳೇ ಬೋಲ್ಟಲ್ಲೇ ಮೂರು ಸುತ್ತು ಹಿಡಿಸಿ ಕಳಿಸೋರಿದ್ದಾರೆ. ಉಲ್ಟಾ ತಪ್ಪೂ ಆಗತ್ತೆ, ಉದ್ದ ಬೋಲ್ಟು ಸ್ಪೇಸರ್ ಇಲ್ದೆ ಹಿಂದಿನ ಹಬ್ಬಿಗೆ ಹಾಕಿದ್ರೆ ಒಳಗಡೆ ಹ್ಯಾಂಡ್‌ಬ್ರೇಕ್ ಶೂ ಇದೆ, ಅದಕ್ಕೆ ಹೋಗಿ ಬಡಿಯತ್ತೆ. ಬಿಗಿ ಮಾಡಿದ್ಮೇಲೆ ಗಾಡಿ ಇಳಿಸೋಕ್ಕೆ ಮುಂಚೆ ಗೇರ್ ನ್ಯೂಟ್ರಲ್ ಮಾಡಿ ವೀಲು ಕೈಯಲ್ಲಿ ತಿರುಗಿಸಿ, "ಕಟ್ ಕಟ್" ಅಂದ್ರೆ ನಿಲ್ಸಿ. ಬಿಗಿ 110 ನ್ಯೂಟನ್ ಮೀಟರ್, ಟಾರ್ಕ್ ವ್ರೆಂಚಲ್ಲಿ. ಪೈಪ್ ಹಾಕಿ ಮೇಲೆ ನಿಂತು ಕುಣಿಯೋದಲ್ಲ.

ಟಯರಿನ ಒಳಭಾಗ ಮಾತ್ರ ಸವೀತಿದೆ

ಗಾಡಿ ಇಳಿಸಿದ್ರೆ ಹಿಂದಿನ ವೀಲಿನ ತಲೆ ಒಳಗೆ ವಾಲತ್ತೆ, ಕ್ಯಾಂಬರ್. ಒಳಭಾಗ ಸವೆದ್ರೆ ಎಲ್ರೂ ಅದನ್ನೇ ಬೈತಾರೆ. ಕ್ಯಾಂಬರ್ ಒಂದೇ ಇದ್ರೆ ಸವೆತ ನುಣ್ಣಗೆ ನಿಧಾನಕ್ಕೆ ಆಗತ್ತೆ, ಟಯರ್ ಮೇಲೆ ಅಂಗೈ ಆ ಕಡೆಯಿಂದ ಈ ಕಡೆಗೆ ಸವರಿದ್ರೆ ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸ ಥರ ಚುಚ್ಚಿದ್ರೆ ಅದು ಟೋ, ಅಂದ್ರೆ ಮೇಲಿಂದ ನೋಡಿದ್ರೆ ವೀಲಿನ ಮೂತಿ ಒಳಗೋ ಹೊರಗೋ ತಿರುಗಿರೋದು. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ಲ, ಎರಡು ವೀಲೂ ಬೇರೆ ಬೇರೆ ದಿಕ್ಕಿಗೆ ಹೋಗ್ತಾ ಟಯರನ್ನ ರೋಡಿಗೆ ತೇಯ್ತಾ ಇರತ್ತೆ. ಹೊಸ ಟಯರ್ ಆರೇ ತಿಂಗಳಿಗೆ ದಾರ ತೋರ್ಸೋದು ಇದ್ರಿಂದ.

ಕ್ಯಾಂಬರ್ ಮನೇಲೇ ಅಳೀಬೋದು. ಸಮ ನೆಲದಲ್ಲಿ ಗಾಡಿ ನಿಲ್ಸಿ ತೂಗುಗುಂಡಿನ ದಾರ ವೀಲಿನ ಹೊರಮುಖದ ಎದುರಿಗೆ ಇಳಿಬಿಟ್ಟು ದಾರದಿಂದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ನೋಡಿ. 17 ಇಂಚಿನ ರಿಮ್ಮಿನ ಹೊರ ಅಂಚು ಸುಮಾರು 460 ಎಂಎಂ, ಅಲ್ಲಿ 8 ಎಂಎಂ ವ್ಯತ್ಯಾಸ ಅಂದ್ರೆ ಒಂದು ಡಿಗ್ರಿ. ನಮ್ಮದು ಬಲಗಡೆ 16, ಎಡಗಡೆ 22, ಅಂದ್ರೆ ಎರಡು ಡಿಗ್ರಿ ಮತ್ತು ಎರಡೂಮುಕ್ಕಾಲು. ಎಡಗಡೆ ಕೆಳಗಿಳಿದಿದ್ದಕ್ಕೆ ಇಲ್ಲೂ ಸಾಕ್ಷಿ.

ಈ ಗಾಡೀಲಿ ಮುಂದೆ ಕ್ಯಾಂಬರ್ ಸರಿ ಮಾಡೋಕೆ ಕೆಳಗಿನ ಆರ್ಮಲ್ಲಿ ಎಕ್ಸೆಂಟ್ರಿಕ್ ಬೋಲ್ಟಿದೆ, ತಿರುಗಿಸಿದ್ರೆ ಆರ್ಮ್ ಆಚೀಚೆ ಸರಿಯತ್ತೆ. ಹಿಂದೆ ಕಂಪನಿ ಕೊಟ್ಟಿರೋದು ಟೋ ಅಡ್ಜಸ್ಟ್ ಮಾತ್ರ, ಕ್ಯಾಂಬರ್ ಬೇಕಂದ್ರೆ ಉದ್ದ ಬದಲಾಯಿಸೋ ಲಿಂಕು ಹೊರಗಿಂದ ತರಿಸ್ಬೇಕು. ಅಲೈನ್‌ಮೆಂಟ್ ಅಂಗಡೀಲಿ "ಹಿಂದೆ ಏನೂ ಬರಲ್ಲ ಸಾರ್ ಈ ಗಾಡೀಲಿ" ಅಂದ್ರೆ ಒಪ್ಕೋಬೇಡಿ, ಟೋ ಬರತ್ತೆ, ಹಳೇ ಬೋಲ್ಟು ತುಕ್ಕು ಹಿಡಿದಿರತ್ತೆ, ಅವರಿಗೆ ಬಿಚ್ಚೋಕೆ ಬೇಜಾರು ಅಷ್ಟೇ. ಹಿಂದಿನ ದಿನ ರಾತ್ರಿ ನೀವೇ ತುಕ್ಕು ಬಿಡಿಸೋ ಸ್ಪ್ರೇ ಹೊಡ್ಕೊಂಡು ಹೋಗಿ.

ಹಂಪ್ ಮೇಲೆ "ದಡ್" ಅನ್ನೋದಕ್ಕೆ ಜಾಸ್ತಿ ಬರೆಯೋಕೆ ಏನಿಲ್ಲ. ಹಂಪು 3.7 ಮೀಟರ್ ಅಗಲ 10 ಸೆಂಟಿಮೀಟರ್ ಎತ್ತರ ಇರ್ಬೇಕು ಅಂತ ರಸ್ತೆ ಅಳತೆಗಳನ್ನ ಗೊತ್ತುಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಪುಸ್ತಕದಲ್ಲಿತ್ತು, ನಮ್ಮ ಏರಿಯಾ ಹಂಪ್ ಹಾಕೋರು ಆ ಪುಸ್ತಕ ನೋಡಿದ ಹಾಗಿಲ್ಲ. ಕೆಳಗಿನ ಕಬ್ಬಿಣ ತಾಗಿದ ಸದ್ದೋ ಬಂಪ್ ಸ್ಟಾಪ್ (ಸಸ್ಪೆನ್ಷನ್ ಪೂರ್ತಿ ಅಮುಕಿದಾಗ ತಡೆಯೋ ರಬ್ಬರು) ಬಡಿದ ಸದ್ದೋ ತಿಳ್ಕೊಳ್ಳೋಕೆ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ರಾಡಿಗೆ ಕೆಳಗಡೆ ಒಂದು ತೆಳು ಕೇಬಲ್ ಟೈ ಕಟ್ಟಿ, ಓಡಿಸಿ ಬಂದು ಅದು ರಾಡಲ್ಲಿ ಎಲ್ಲಿಗೆ ತಳ್ಳಿಸ್ಕೊಂಡಿದೆ ನೋಡಿ. ಬಂಪ್ ಸ್ಟಾಪ್ ತನಕ ಹೋಗಿದ್ರೆ ಗಾಡಿ ಜಾಸ್ತಿ ಇಳಿದಿದೆ, ವೀಲಿಗೂ ಅದಕ್ಕೂ ಸಂಬಂಧ ಇಲ್ಲ.

ಕೊನೆಗೆ ಏನ್ ಮಾಡಿದ್ವಿ

ಕುಯ್ದ ಸ್ಪ್ರಿಂಗ್ ನಾಲ್ಕೂ ಎಸೆದು ಇದೇ ಗಾಡಿಗೆ ಅಂತ ಮಾಡಿರೋ ಕಮ್ಮಿ ಎತ್ತರದ ಸ್ಪ್ರಿಂಗ್ ಹಾಕಿಸ್ದೆ, ಹಿಂದೆ ಎರಡು ಗುಬ್ಬಿ ಪ್ಯಾಡು, ಸಬ್‌ಫ್ರೇಮಿನ ನಾಲ್ಕೂ ಮೌಂಟು ಹೊಸದು. ಈ ಮೌಂಟ್ ಕೆಲ್ಸಕ್ಕೇ ಜಾಸ್ತಿ ದುಡ್ಡು ಹೋಗಿದ್ದು, ಅದೇ ಜಾಸ್ತಿ ಫಲ ಕೊಟ್ಟಿದ್ದು. ಎರಡು ವಾರ ಓಡಿಸಿ ಸ್ಪ್ರಿಂಗ್ ಕೂತ್ಮೇಲೆ ಅಳೆದ್ರೆ ಹಿಂದೆ 345, 344. ತೂಗುಗುಂಡಲ್ಲಿ ಎಡ ಬಲ ಒಂದೇ ಎಂಎಂ ವ್ಯತ್ಯಾಸ. ಅಲೈನ್‌ಮೆಂಟ್ ಅದಾದ್ಮೇಲೇ ಮಾಡ್ಸಿದ್ದು, ಸ್ಪ್ರಿಂಗ್ ಹಾಕಿದ ದಿನಾನೇ ಮಾಡ್ಸಿದ್ರೆ ಆ ದುಡ್ಡು ನೀರಲ್ಲಿ ಹೋಮ.

ವೀಲಲ್ಲೂ ಮನಸ್ಸು ಬದಲಾಯಿಸ್ದೆ. 17 ಇಂಚು ಫೋಟೋಗೆ ಚೆನ್ನ, ನಮ್ಮ ರೋಡಿಗೆ 45ರ ಗೋಡೆ ಸಾಲಲ್ಲ, ಎರಡು ರಿಮ್ ಆಗ್ಲೇ ಸೊಟ್ಟ ಆಗಿತ್ತು. ಅದೇ ಡಬ್ಲ್ಯು 203ದು 7 ಜೆ 16 ಇಂಚು ಇಟಿ 37 ಒಂದು ಸೆಟ್ ಸಿಕ್ತು, ಟಯರು 205/55 ಆರ್ 16 ಲೋಡ್ 91, ವ್ಯಾಸ 632. ಈ ಸೈಜು ಯಾವ ಊರಲ್ಲಿ ಕೇಳಿದ್ರೂ ಸಿಗತ್ತೆ, ಬೋಲ್ಟು ಎಂ12 ಗುಂಡಗಿನ ಸೀಟೇ, ಉಂಗುರ ಇಲ್ಲ, ಸ್ಪೇಸರ್ ಇಲ್ಲ. ಗೋಡೆ ಹೊರಗೆ ಬರೋದು 17ಕ್ಕಿಂತ 3 ಎಂಎಂ ಕಮ್ಮಿ ಅಷ್ಟೇ, ಆದ್ರೆ ಎತ್ತರ ಸರಿ ಆಗಿದ್ರಿಂದ ಅಷ್ಟು ಸಾಕಾಯ್ತು. ಅಂದ ಹಾಗೆ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇದೆ, ಆರ್‌ಸಿಲಿರೋ ಮೂಲ ವಿವರ ಬದಲಾಗೋ ಥರ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ, ಮಡ್‌ಗಾರ್ಡಿಂದ ಒಂದು ಗೇಣು ಹೊರಗೆ ವೀಲ್ ಚಾಚೋರು ಅದನ್ನೂ ಓದ್ಕೊಳ್ಳಿ.

ಮತ್ತೆ ಅಕ್ಕಿ ಮೂಟೆ ತಂದು ಹಿಟ್ಟಿನ ಉಂಡೆ ಅಂಟಿಸಿ ಅದೇ ರೋಡಲ್ಲಿ ಎರಡು ಸುತ್ತು ಹೋದೆ. ಎಡಗಡೆ 14, ಬಲಗಡೆ 15 ಎಂಎಂ ಹಿಟ್ಟು ಉಳಿದಿತ್ತು. ಮಿಕ್ಕ ಹಿಟ್ಟಲ್ಲಿ ರಾತ್ರಿಗೆ ಚಪಾತಿ ಲಟ್ಟಿಸ್ಲಾ ಅಂತ ಅಮ್ಮ ಕೇಳಿದ್ರು, ಪಾತ್ರೇಲಿರೋದು ಮಾತ್ರ ಅಂದೆ. ಮುಂದಿನ ಬಲ ವೀಲು ಪೂರ್ತಿ ತಿರುಗಿಸಿ ಗೇಟೊಳಗೆ ರಿವರ್ಸ್ ಹಾಕೋವಾಗ ಈಗ್ಲೂ ಲೈನರಿಗೆ ಲೈಟಾಗಿ ಸವರತ್ತೆ, ಅದರ ಎರಡು ಕ್ಲಿಪ್ ಗಾಡಿ ಬಿಡಿಭಾಗ ಸಿಗೋ ಜೆ.ಸಿ. ರೋಡಿಂದ ತಂದಿಟ್ಟು ಮೂರು ತಿಂಗಳಾಯ್ತು, ಇನ್ನೂ ಹಾಕಿಲ್ಲ.